ಹಳದಿ ಲಂಗ, ಒಂದು

ಬುಧವಾರದ ಟಪಾಲಿನಲ್ಲಿ ನನ್ನ ಅಕ್ಕನ ದಿನಾಂಕ ಬಂತು. ನಾನು ಹೊಲಿಗೆ ಅಂಗಡಿಯಲ್ಲಿ ಕೂತು ಯಾರದೋ ರವಿಕೆಗೆ ಕಾಜಾ ಹಾಕುತ್ತಿದ್ದೆ. ಪೋಸ್ಟ್‌ಮನ್ ಕಂದು ಲಕೋಟೆಯನ್ನು ಮೇಜಿನ ಮೇಲೆ ಒಗೆದು, "ನಿಮಗೂ ಬಂತಲ್ಲಮ್ಮ! ಮರವೋ, ಬಾವಿಯೋ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸೈಕಲ್ ಹತ್ತಿದ. ಒಡೆದು ಓದಿದೆ. ನಿಮ್ಮ ಅರ್ಜಿ ಸಂಖ್ಯೆ ಇನ್ನೂರ ಏಳರ ಸಂಬಂಧ, ಚಿತ್ರ ಹತ್ತೊಂಬತ್ತರ ಬಲಮೂಲೆಯನ್ನು ಮುಂದಿನ ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ಒರೆಸಲಾಗುವುದು. ಅರ್ಜಿದಾರರು ತೋಟದಲ್ಲಿ ಖುದ್ದು ಹಾಜರಿದ್ದು ವಸ್ತುವನ್ನು ಪಡೆದುಕೊಳ್ಳತಕ್ಕದ್ದು. ಸಂಜೆ ಐದರೊಳಗೆ ಯಾರೂ ಪಡೆಯದ ವಸ್ತು ತೋಟದ ಸ್ವತ್ತಾಗುವುದು. ಕೆಳಗೆ ವಸ್ತುವಿನ ವಿವರ ಎಂಬಲ್ಲಿ ಟೈಪು ಮಾಡಿದ್ದರು: ಹಳದಿ ಲಂಗ, ಒಂದು.

ಅರ್ಜಿ ಬರೆದವಳು ನಾನೇ. ಅಮ್ಮನಿಗೆ ಬರೆಯಲು ಬರುವುದಿಲ್ಲ, ಅವಳು ಹೇಳಿದಳು, ನಾನು ಬರೆದೆ. ಸರ್ಕಾರದ ಕೆಲಸ ಎಲ್ಲಿ ಆಗುತ್ತದೆ, ಅಮ್ಮನ ಕಾಲ ಮುಗಿಯುವವರೆಗೂ ಈ ಕಾಗದ ಯಾವುದೋ ಕಪಾಟಿನಲ್ಲಿ ಬಿದ್ದಿರುತ್ತದೆ ಎಂಬ ಧೈರ್ಯದ ಮೇಲೆ ಬರೆದಿದ್ದೆ. ಈಗ ನೋಡಿದರೆ ಗಂಟೆ ನಿಮಿಷ ಸಮೇತ ಬಂದು ಕೂತಿದೆ.

ಚಿತ್ರದ ರಾಯರ ತೋಟ ಎಂದರೆ ಈ ನಗರದಲ್ಲಿ ಗೊತ್ತಿಲ್ಲದವರಿಲ್ಲ. ರಜೆ ಸಿಕ್ಕಿದರೆ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತಾರೆ. ನಾನು ಹುಟ್ಟಿದ್ದೇ ಆ ತೋಟದ ಕೂಲಿಯವರ ಸಾಲುಮನೆಯಲ್ಲಿ. ರಾಯರು ಬರೆದದ್ದು ನೆಲದಲ್ಲಿ ಉಳಿಯುತ್ತಿರಲಿಲ್ಲ. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಸಂಪಿಗೆ ಮರ ಬರೆದರೆ ಮಧ್ಯಾಹ್ನಕ್ಕೆ ಮರ ಚಿತ್ರದಲ್ಲಿರುತ್ತಿತ್ತು, ನೆಲದಲ್ಲಿ ಗುಂಡಿ ಇರುತ್ತಿತ್ತು. ಆ ಗುಂಡಿ ಮುಚ್ಚಿ ಹೊಸ ಗಿಡ ನೆಡುವುದು ನಮ್ಮಮ್ಮ ದೇವೀರಮ್ಮನಂಥ ಹದಿನಾರು ಹೆಂಗಸರ ಕೆಲಸ. ಒಂದು ದೊಡ್ಡ ಚಿತ್ರ ಮುಗಿಯಿತೆಂದರೆ ಸಾಲುಮನೆಗಳಲ್ಲಿ ಒಂದು ತಿಂಗಳು ಎರಡು ಹೊತ್ತೂ ಅನ್ನ. ಹಾಗೆಯೇ ಬಾವಿ ಹೋಗಿತ್ತು, ಮೇಕೆ ಹೋಗಿದ್ದವು, ಒಬ್ಬರ ಗಾಡಿ ಎತ್ತುಗಳ ಸಮೇತ ಹೋಗಿತ್ತು. ಯಾರೂ ರಾಯರನ್ನು ಬೈಯಲಿಲ್ಲ. ಕುಂಚ ಎತ್ತುವ ಮೊದಲು ಅವರು ತಪ್ಪದೆ ಗಂಟೆ ಹೊಡೆಸುತ್ತಿದ್ದರು. ಗಂಟೆಯಾದ ಮೇಲೆ ಸುಣ್ಣದ ಗೆರೆ ದಾಟಿ ಒಳಗೆ ಹೋಗಬಾರದು, ಅಷ್ಟೇ. ನಡೆಯಲು ಬಂದ ಕೂಸುಗಳಿಗೆಲ್ಲ ಮೊದಲು ಕಲಿಸುತ್ತಿದ್ದ ಮಾತೇ ಅದು.

ನನಗೆ ಆಗ ಎಂಟು ವರ್ಷ, ಇಂದ್ರಕ್ಕನಿಗೆ ಹನ್ನೊಂದು. ಅಮ್ಮನಿಗೆ ಮಧ್ಯಾಹ್ನದ ಮುದ್ದೆ ಕೊಟ್ಟು ವಾಪಸು ಬರುತ್ತಿದ್ದೆವು. ನನ್ನ ಜನ್ಮದಲ್ಲೇ ಮೊದಲನೆಯ ಜೊತೆ ಚಪ್ಪಲಿ ಆ ವಾರ ಬಂದಿತ್ತು, ಅದರಲ್ಲಿ ಒಂದನ್ನು ಮೋಸಂಬಿ ಗಿಡದ ಕೆಳಗೆ ಬಿಟ್ಟು ಬಂದಿದ್ದೆ. ಗಿಡ ಗೆರೆಯ ಒಳಗೆ. ಗಂಟೆ ಹೊಡೆದಾಗ ಅಕ್ಕ ಪಂಪಿನ ಮನೆಯ ಹಿಂದೆ ಕಾಲು ತೊಳೆಯುತ್ತಿದ್ದಳು, ಪಂಪು ಭರ್ರೆಂದು ಸದ್ದು ಮಾಡುತ್ತಿತ್ತು. ನಾನು ಅಳುತ್ತಾ ಹೋಗಿ ಚಪ್ಪಲಿ ಅಂದೆ. "ಗಂಟೆ ಹೊಡೆದ್ರೇನೇ?" ಎಂದು ಕೇಳಿದಳು. "ಇಲ್ಲ ಕಣೆ ಅಕ್ಕ, ಇನ್ನೂ ಹೊಡೆದಿಲ್ಲ, ಬೇಗ ತಂದ್ಕೊಡು" ಅಂದೆ. ಅವಳು ಓಡಿದಳು. ರಾಯರ ಕನ್ನಡಕ ಸೋಡಾ ಶೀಶೆಯ ತಳದಷ್ಟು ದಪ್ಪ. ಅವರಿಗೆ ದೂರದಲ್ಲಿ ಒಂದು ಚೂರು ಹಳದಿ ಕಂಡಿತು, ಬರೆದರು.

ಪೊಲೀಸರು ಬಂದರು, ಚಿತ್ರ ನೋಡಿದರು, ಹುಡುಗಿ ಕಾಣೆಯಾಗಿಲ್ಲ, ಇಲ್ಲೇ ಇದ್ದಾಳೆ ಎಂದು ಬರೆದುಕೊಂಡು ಹೋದರು. ರಾಯರು ಆಮೇಲೆ ಕುಂಚ ಮುಟ್ಟಲಿಲ್ಲ, ವರುಷದೊಳಗೆ ತೀರಿಕೊಂಡರು. ನನ್ನ ಚಿತ್ರಗಳನ್ನು ನಲವತ್ತು ವರ್ಷ ಯಾರೂ ಮುಟ್ಟಬಾರದು ಎಂದು ಅವರು ಹಿಂದೆಯೇ ಉಯಿಲು ಬರೆದಿಟ್ಟಿದ್ದರು. ಚಿತ್ರಗಳೆಲ್ಲ ನಗರದ ಚಿತ್ರಶಾಲೆಗೆ ಬಂದವು. ಅವುಗಳ ಹಿಂದೆಯೇ ಅಮ್ಮನೂ ನನ್ನ ಕೈ ಹಿಡಿದುಕೊಂಡು ನಗರಕ್ಕೆ ಬಂದಳು, ಗಿರಣಿಯಲ್ಲಿ ಕೂಲಿಗೆ ಸೇರಿದಳು. ಭಾನುವಾರ ಚಿತ್ರಶಾಲೆಗೆ ಟಿಕೆಟ್ ಇಲ್ಲ. ನಲವತ್ತೊಂದು ವರ್ಷ ಒಂದು ಭಾನುವಾರವನ್ನೂ ಅಮ್ಮ ಬಿಟ್ಟವಳಲ್ಲ. ಹೋಗಿ ಚಿತ್ರ ಹತ್ತೊಂಬತ್ತರ ಮುಂದೆ ನಿಲ್ಲುವುದು, ಮುಚ್ಚುವ ಹೊತ್ತಿಗೆ ಬರುವುದು. "ಅವಳ ಎಡಗಿವಿ ಸೋರ್ತಿತ್ತು, ಗಂಟೆ ಕೇಳಿಸ್ಲಿಲ್ಲ. ಔಷಧಿ ಹಾಕಿಸ್ದೆ ನಾನೇ ಮಗಳನ್ನ ಕಳ್ಕೊಂಡೆ" ಎನ್ನುವುದು. ಅವಳು ಹಾಗೆಂದಾಗಲೆಲ್ಲ ನಾನು ಮಿಷನ್ ಜೋರಾಗಿ ತುಳಿಯುತ್ತಿದ್ದೆ.

ನಾನು ಒಂದು ಸಲವೂ ಚಿತ್ರಶಾಲೆಗೆ ಹೋಗಲಿಲ್ಲ. ಎಣ್ಣೆಬಣ್ಣದ ವಾಸನೆಗೆ ತಲೆನೋವು ಬರುತ್ತದೆ ಎಂದೆ. ಅಮ್ಮ ಮೊದಮೊದಲು "ಬರ್ತೀಯೇನೇ ಭಾಗೀ?" ಎಂದು ಕೇಳುತ್ತಿದ್ದಳು, ನನಗೆ ಹದಿನಾರಾಗುವ ಹೊತ್ತಿಗೆ ಕೇಳುವುದನ್ನೂ ಬಿಟ್ಟಳು. ಬಂದವಳು ಸುದ್ದಿ ಮಾತ್ರ ಹೇಳುತ್ತಿದ್ದಳು. ಹೊಸ ಬಲ್ಬು ಹಾಕಿದ್ದಾರೆ, ಮುಖ ಚೆನ್ನಾಗಿ ಕಾಣ್ತದೆ ಎನ್ನುವುದು. ಕಾವಲಿನವನು ಬದಲಾದ, ಪಾಪ ಒಳ್ಳೆಯವನು, ಸ್ಟೂಲು ಕೊಟ್ಟ ಎನ್ನುವುದು.

ಉಯಿಲಿನ ಅವಧಿ ಮುಗಿದ ಮೇಲೆ ಒರೆಸುವ ಕೆಲಸ ಶುರುವಾಯಿತು. ನಗರದಲ್ಲಿ ಒರೆಸಿದ್ದು ತೋಟದಲ್ಲಿ ಬಂದು ನಿಲ್ಲುತ್ತದೆ. ಈ ಒಂದು ವರ್ಷದಲ್ಲಿ ಜನ ಅದಕ್ಕೆ ಎಷ್ಟು ಒಗ್ಗಿಹೋಗಿದ್ದಾರೆಂದರೆ, ತರಕಾರಿ ಕೊಳ್ಳುವಾಗಲೂ ನಿಮ್ಮದು ಯಾವಾಗ, ನಿಮ್ಮದು ಏನು ಎಂದೇ ಮಾತು. ಬಾವಿ ವಾಪಸು ಬರುವ ಜಾಗದಲ್ಲಿ ಕ್ಯಾಂಟೀನು ಇತ್ತು, ಕ್ಯಾಂಟೀನಿನವನು ಇಡ್ಲಿ ಪಾತ್ರೆಗಳನ್ನು ಎತ್ತಿಕೊಂಡು ಆಚೆ ಮರದ ಕೆಳಗೆ ಹೋದ. ಎತ್ತಿನ ಗಾಡಿ ವಾಪಸು ಸಿಕ್ಕವರು ಅದನ್ನು ಎರಡು ದಿನ ಹೊಡೆದುಕೊಂಡು ನಗರಕ್ಕೆ ತಂದು, ಈಗ ಮೂರನೇ ಮಹಡಿಯಿಂದ ದಿನಕ್ಕೆ ಆರು ಸಲ ಇಳಿದು ಹುಲ್ಲು ಹಾಕುತ್ತಾರೆ. ಒಂದು ಮೇಕೆ ಬಂದಾಗ ಅದರ ಬಾಯಲ್ಲಿ ಎಲೆ ಹಾಗೇ ಇತ್ತಂತೆ, ಬಂದದ್ದೇ ಅಗಿಯುವುದನ್ನು ಮುಂದುವರಿಸಿತಂತೆ. ಹೋದ ಕ್ಷಣದಲ್ಲಿ ಹೇಗಿತ್ತೋ ಹಾಗೆಯೇ ಬರುತ್ತದೆ ಎಂದು ಇಲಾಖೆಯವರು ಕರಪತ್ರ ಹಂಚಿದ್ದರು. ಅಷ್ಟೂ ಚಿತ್ರಗಳಲ್ಲಿ ಮನುಷ್ಯರೆಂದರೆ ನನ್ನ ಅಕ್ಕ ಒಬ್ಬಳೇ.

ನನಗೆ ಪ್ರಾಣಸಂಕಟವಾದದ್ದು ಇದೇ. ಅವಳಿಗೆ ನಾನು ಸುಳ್ಳು ಹೇಳಿ ಇನ್ನೂ ಒಂದು ನಿಮಿಷವಾಗಿರುವುದಿಲ್ಲ. ಕಣ್ಣು ಬಿಟ್ಟವಳೇ ಅಮ್ಮನೆದುರು ಬಾಯಿ ಬಿಡುತ್ತಾಳೆ. ಗಂಟೆ ಹೊಡೆದಿಲ್ಲ ಅಂತ ಭಾಗೀ ಹೇಳಿದ್ಲು ಎನ್ನುತ್ತಾಳೆ. ಎಪ್ಪತ್ತೆಂಟು ವರ್ಷದ ನಮ್ಮಮ್ಮ, ಸೋರುವ ಕಿವಿಯನ್ನು ನೆನೆದು ನೆನೆದು ಸವೆದುಹೋದ ನಮ್ಮಮ್ಮ, ತಿರುಗಿ ನನ್ನ ಮುಖ ನೋಡುತ್ತಾಳೆ. ಆಮೇಲೆ ನಾನು ಎಲ್ಲಿಗೆ ಹೋಗಲಿ?

ಕಾಗದವನ್ನು ಗುಂಡಿ ಡಬ್ಬದಲ್ಲಿ ಹುದುಗಿಸಿಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಬುಧವಾರದಿಂದ ಭಾನುವಾರದವರೆಗೆ ನಾನು ಮಾಡಿದ ಯೋಚನೆ ಒಂದೇ. ಈ ಗುರುವಾರ ಒಂದು ಹೇಗಾದರೂ ದಾಟಿಬಿಟ್ಟರೆ, ಸಂಜೆ ಐದಾಗಿಬಿಟ್ಟರೆ, ಅವಳು ತೋಟದ ಸ್ವತ್ತಾಗುತ್ತಾಳೆ. ಯಾರೋ ಸಾಕುತ್ತಾರೆ. ಒಡಹುಟ್ಟಿದವಳ ಬಗ್ಗೆ ಹೀಗೆ ಯೋಚಿಸುವ ಹೆಂಗಸು ನಾನೇ ಎಂದು ಗೊತ್ತಾಗಿ ನನಗೇ ಗರ ಬಡಿದ ಹಾಗಾಯಿತು. ಗಿರಾಕಿಯೊಬ್ಬಳ ರವಿಕೆಗೆ ಎರಡೂ ಎಡತೋಳು ಕೂರಿಸಿ, ಅವಳು ಕೇಳಿದ್ದಕ್ಕೆ ಅವಳನ್ನೇ ಬೈದು ಕಳಿಸಿದೆ.

ಭಾನುವಾರ ಅಮ್ಮ ಏದುಸಿರು ಬಿಡುತ್ತಾ ಬಂದಳು. "ಭಾಗೀ, ಹತ್ತೊಂಬತ್ತರ ಮುಂದೆ ಹಗ್ಗ ಕಟ್ಟಿದಾರೆ ಕಣೆ. ಏಣಿ ತಂದಿಟ್ಟಿದಾರೆ. ಏನಾದ್ರೂ ಕಾಗ್ದ ಬಂತಾ?" ಎಂದಳು. ಕಾಲಿನಲ್ಲಿ ಒಂದು ಚಪ್ಪಲಿ ಉಳಿದಿತ್ತು, ಇನ್ನೊಂದು ಎಲ್ಲೋ ಬಸ್ಸಿನಲ್ಲಿ ಬಿದ್ದುಹೋಗಿತ್ತು. ಅದು ಅವಳಿಗೆ ಗೊತ್ತೇ ಆಗಿರಲಿಲ್ಲ. ನಾನು ಗುಂಡಿ ಡಬ್ಬ ತೆಗೆದು ಕಾಗದ ಕೊಟ್ಟೆ, ಈಗತಾನೆ ಬಂತು ಎಂದೆ. ಭಾನುವಾರ ಟಪಾಲು ಬರುವುದಿಲ್ಲ ಎಂದು ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಅಲ್ಲಿಂದ ಪ್ರವಾಸದ ತಯಾರಿ ನಮ್ಮ ಯಜಮಾನರ ಕೈಗೆ ಹೋಯಿತು. ಶಂಕರಲಿಂಗಯ್ಯನವರು ಮೂವತ್ತು ವರ್ಷ ಬಸ್ ನಿಲ್ದಾಣದ ಗೂಡಿನಲ್ಲಿ ಕೂತು, ಎಷ್ಟು ಹೊತ್ತಿಗೆ ಎಲ್ಲಿಗೆ ಬಸ್ಸು ಎಂದು ಮೈಕಿನಲ್ಲಿ ಕೂಗಿ ನಿವೃತ್ತರಾದವರು. ಕೂಗಲು ಏನೂ ಸಿಗದೆ ಎರಡು ವರ್ಷದಿಂದ ಒಣಗಿದ್ದರು. ಹಳೇ ಕ್ಯಾಲೆಂಡರಿನ ಹಿಂಭಾಗವನ್ನು ಗೋಡೆಗೆ ಅಂಟಿಸಿ ಗೆರೆ ಹಾಕಿದರು. "ಆರೂ ಹತ್ತರ ಕೆಂಪು ಬಸ್ಸು. ಎಂಟೂ ಇಪ್ಪತ್ತೈದಕ್ಕೆ ಗಾಣದ ಕ್ರಾಸು. ಎಂಟೂ ನಲವತ್ತಕ್ಕೆ ತೋಟದ ಬಸ್ಸು. ಅದು ತಪ್ಪಿತೋ, ಮುಂದಿನದು ಹನ್ನೆರಡಕ್ಕೆ, ನಾವು ಕೆಟ್ಟೆವು ಅಂತಲೇ ಲೆಕ್ಕ. ಹತ್ತೂ ಕಾಲಿಗೆ ತೋಟದ ಗೇಟು. ವಾಪಸು ಒಂದೂ ನಲವತ್ತು. ಹೋಗ್ತಾ ಮೂರು ಟಿಕೆಟ್ಟು, ಬರ್ತಾ ಮೂರೂವರೆ."

"ಅರ್ಧ ಟಿಕೆಟ್ ಕೊಡ್ತಾರೇನ್ರೀ? ಹುಟ್ಟಿದ ತಾರೀಖು ಹಿಡಿದ್ರೆ ಅವಳಿಗೆ ಐವತ್ತೆರಡು" ಎಂದೆ. ಆ ವಾರವೆಲ್ಲ ನನಗೆ ಕೊಂಕು ಮಾತೇ ಬರುತ್ತಿತ್ತು.

"ಕಂಡಕ್ಟರ್ ತಾರೀಖು ನೋಡಲ್ಲ ಕಣೇ, ಎತ್ತರ ನೋಡ್ತಾನೆ" ಎಂದರು, ಬಹಳ ಯೋಚಿಸಿ.

ಬುತ್ತಿಗೆ ಏನು ಎಂಬುದಕ್ಕೇ ಒಂದು ಸಂಜೆ ಹೋಯಿತು. ಹುಳಿಯನ್ನ ಬೇಡ, ಬಂದ ಮಗುವಿಗೆ ಬಾಯಾರಿಕೆಯಾಗುತ್ತದೆ ಎಂದರು ಅವರು. ನಾನು ಹಸಿರು ಬಟ್ಟೆಯಲ್ಲಿ ಕಣ್ಣಂದಾಜಿನಿಂದ ಒಂದು ಲಂಗ ಹೊಲಿದೆ. ಸೊಂಟದ ಅಳತೆ ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದರೆ ಓಡುತ್ತಿದ್ದ ಬೆನ್ನು ಮಾತ್ರ ಕಾಣುತ್ತಿತ್ತು. ಯಜಮಾನರು ಅವಳಿಗೆ ಹೇಗೆ ಹೇಳಬೇಕು ಎಂಬುದನ್ನೂ ಬರೆದಿಟ್ಟರು. ಮೊದಲು ನೀರು. ಆಮೇಲೆ ಅಮ್ಮನ ಪರಿಚಯ. ಇಷ್ಟು ವರ್ಷವಾಗಿದೆ ಎಂಬ ಮಾತು ಬಸ್ಸು ಹತ್ತಿ ಕೂತ ಮೇಲೆ. ಭಾಗೀ ಯಾರೆಂಬುದು ಎಲ್ಲಕ್ಕಿಂತ ಕೊನೆಗೆ, ಸಾಧ್ಯವಾದರೆ ಮನೆಯಲ್ಲಿ. ಅದನ್ನು ಓದಿ ನನಗೆ ಒಂದು ಗಳಿಗೆ ಉಸಿರು ಸಲೀಸಾಯಿತು. ಆಮೇಲೆ, ಬಾಯಿ ಅವಳದ್ದಲ್ಲವೇ, ಇವರ ಪಟ್ಟಿ ಯಾರು ಕೇಳುತ್ತಾರೆ ಎನ್ನಿಸಿತು.

ಬುಧವಾರ ಸಂಜೆ ಯಜಮಾನರಿಗೆ ಹೊಸದೊಂದು ಹೊಳೆಯಿತು. "ಅತ್ತೆ, ಆವತ್ತು ನಿಮಗೆ ಮೂವತ್ತೇಳು. ಮಗು ಕಣ್ಣು ಬಿಟ್ಟು ನೋಡಿದ್ರೆ ಬಿಳೀ ತಲೆ. ಹೆದರ್ಕೊಳ್ಳಲ್ವಾ? ಸ್ವಲ್ಪ ಕಪ್ಪು ಹಚ್ಕೊಂಡ್ರೆ ಆಗ್ತಿತ್ತು."

ಯಾರು ಏನು ಹೇಳಿದರೂ ಬೇಡ ಎನ್ನುವ ಅಮ್ಮ, "ಹೌದಪ್ಪ, ಅವಳಿಗೆ ನನ್ನ ಗುರ್ತು ಸಿಗಬೇಕು" ಎಂದು ಮಣೆ ಹಾಕಿಕೊಂಡು ಕೂತೇಬಿಟ್ಟಳು. ಬಚ್ಚಲಿನಲ್ಲಿ ನಾನೇ ಬಣ್ಣ ಹಚ್ಚಿದೆ. ಹಣೆಗೆಲ್ಲ ಇಳಿಯಿತು. "ಭಾಗೀ, ಮೊದಲು ಏನಂತಾಳೆ ಅವಳು?" ಎಂದು ಕೇಳಿದಳು, ತಲೆ ಬಗ್ಗಿಸಿಕೊಂಡೇ. ಅಲ್ಲೇ ಹೇಳಿಬಿಡಬಹುದಿತ್ತು. ಬಚ್ಚಲಲ್ಲಿ ನಾವಿಬ್ಬರೇ ಇದ್ದೆವು, ಅವಳಿಗೆ ನನ್ನ ಮುಖವೂ ಕಾಣುತ್ತಿರಲಿಲ್ಲ. "ಕಣ್ಣು ಮುಚ್ಕೋ, ಉರಿಯತ್ತೆ" ಎಂದು ನೀರು ಹೊಯ್ದೆ.

ಗುರುವಾರ ಎಲ್ಲವೂ ಯಜಮಾನರ ಕ್ಯಾಲೆಂಡರಿನ ಪ್ರಕಾರವೇ ನಡೆಯಿತು. ಒಂದು ಬಸ್ಸಾದರೂ ಕೆಟ್ಟು ನಿಲ್ಲಬಾರದೇ ಎಂದು ನಾನು ದಾರಿಯುದ್ದಕ್ಕೂ ಬೇಡಿಕೊಂಡದ್ದು ವ್ಯರ್ಥವಾಯಿತು. ಗಾಣದ ಕ್ರಾಸಿನಲ್ಲಿ ತೋಟದ ಬಸ್ಸು ನಾವು ಹೋಗುವ ಮೊದಲೇ ನಿಂತು ಕಾಯುತ್ತಿತ್ತು. ಅಮ್ಮ ಕಿಟಕಿಗೆ ಒರಗಿ, ನೀರಿನ ಬಾಟಲಿಯನ್ನು ಮಡಿಲಲ್ಲಿ ಮಗುವಿನ ಹಾಗೆ ಹಿಡಿದುಕೊಂಡಿದ್ದಳು. ಬಣ್ಣ ಹಚ್ಚಿದ ತಲೆ ಅವಳ ಸುಕ್ಕು ಮುಖದ ಮೇಲೆ ಯಾರದೋ ತಲೆ ತಂದಿಟ್ಟ ಹಾಗಿತ್ತು.

ತೋಟದಲ್ಲಿ ಸಾಲುಮನೆಗಳಿದ್ದ ಜಾಗದಲ್ಲಿ ಈಗ ವಾಹನ ನಿಲ್ಲಿಸುತ್ತಾರೆ. ನೋಡಲು ಬಂದ ಜನ ಮುಚ್ಚದೆ ಉಳಿದಿದ್ದ ಗುಂಡಿಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಂದು ಮೇಜು, ಒಂದು ಟೆಲಿಫೋನು, ಒಬ್ಬ ಗುಮಾಸ್ತ. ಅವನ ಮುಂದೆ ನಮಗಿಂತ ಮೊದಲು ಒಬ್ಬ ಮಾತ್ರ ಇದ್ದ. ಅವನ ತಾತನ ಮಂಚ ಬರುವುದಿತ್ತು. ಗುಮಾಸ್ತ ಫೋನಿನಲ್ಲಿ, "ಹ್ಞಾಂ, ಒರೆಸಿ" ಎಂದ. ನೋಡುತ್ತಿದ್ದಂತೆ ನೆರಳಿನಲ್ಲಿ ಮಂಚ ಬಂದು ನಿಂತಿತು, ಮೇಲೆ ಒಣಗಲು ಹಾಕಿದ್ದ ಕಂಬಳಿ ಸಮೇತ. ಆತ ಕಂಬಳಿ ಮುಟ್ಟಿ, "ಇನ್ನೂ ಬಿಸಿ ಇದೆ ರೀ!" ಎಂದು ಎಲ್ಲರನ್ನೂ ಕರೆದು ಮುಟ್ಟಿಸಿದ. ಆಮೇಲೆ ಮಂಚವನ್ನು ಬಸ್ಸಿನ ಮೇಲೆ ಹಾಕಲು ಬಿಡುತ್ತಾರೋ ಇಲ್ಲವೋ ಎಂದು ನಮ್ಮ ಯಜಮಾನರ ಸಲಹೆ ಕೇಳುತ್ತಾ, ಅದರ ಮೇಲೆಯೇ ಕೂತುಕೊಂಡ.

"ವಸ್ತು?" ಎಂದ ಗುಮಾಸ್ತ.

"ಹುಡುಗಿ. ಹನ್ನೊಂದು ವರ್ಷ. ಹೆಸರು ಇಂದ್ರಾಣಿ" ಎಂದೆ.

ಅವನು ಪುಟ ತಿರುವಿದ. "ಲಂಗ ಅಂತ ಇದೆಯಲ್ಲಮ್ಮ ಇಲ್ಲಿ."

"ಲಂಗದೊಳಗೆ ಹುಡುಗಿ ಇರ್ತಾಳಲ್ಲಪ್ಪ, ಗಾಳಿಗೆ ನಿಂತಿರತ್ತಾ ಲಂಗ?" ಎಂದು ರೇಗಿದೆ. ಅವನು ಕನ್ನಡಕ ತೆಗೆದು ನಮ್ಮ ಮೂವರನ್ನೂ ನೋಡಿದ, ಎದ್ದು ಹೋಗಿ ಸುಣ್ಣದ ಪುಡಿಯಿಂದ ನೆಲದಲ್ಲಿ ಒಂದು ಚೌಕ ಎಳೆದ. ಮೋಸಂಬಿ ಗಿಡ ಈಗ ಅಲ್ಲಿರಲಿಲ್ಲ. ಬರೀ ಹುಲ್ಲು.

ಹನ್ನೊಂದೂವರೆಗೆ ಸರಿಯಾಗಿ ಫೋನು ಬಂತು. ಮೊದಲು ಕಾಲುಗಳು ಬಂದವು. ನಗರದಲ್ಲಿ ಒರೆಸುವಾಕೆ ಕೆಳಗಿನಿಂದ ಒರೆಸಿಕೊಂಡು ಬರುತ್ತಿದ್ದಳಂತೆ, ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಹುಲ್ಲಿನ ಮೇಲೆ ಎರಡು ಬರಿಗಾಲು, ತೊಳೆದ ನೀರು ಇನ್ನೂ ಆರಿರಲಿಲ್ಲ. ಆಮೇಲೆ ಲಂಗದ ಅಂಚು, ಲಂಗ, ಸೊಂಟ, ಎರಡು ಕೈ. ಆಮೇಲೆ ಕುತ್ತಿಗೆ. ಅಲ್ಲಿಗೆ ನಿಂತಿತು.

ಅಯ್ಯೋ ಶಿವನೇ! ಆ ಗಳಿಗೆ ನಾನು ಸಾಯುವವರೆಗೂ ಮರೆಯುವುದಿಲ್ಲ. ತಲೆಯಿಲ್ಲದ ಆ ಮೈ ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸಿತು. ಕೈ ಎದ್ದು, ಲಂಗದ ಮೇಲೆ ಕೂತ ನೊಣ ಓಡಿಸಿತು. ಮಂಚದವನು ಕಂಬಳಿ ಎಳೆದು ಮುಖ ಮುಚ್ಚಿಕೊಂಡ. ಯಜಮಾನರು ಕೈಗಡಿಯಾರ ನೋಡಿದರು, ಮತ್ತೆ ನೋಡಿದರು. ಗುಮಾಸ್ತ ಫೋನಿನಲ್ಲಿ ಕಿರುಚುತ್ತಿದ್ದ. "ಯಾಕ್ರೀ ನಿಲ್ಲಿಸಿದ್ರಿ? ಒರೆಸೋ ಹತ್ತಿ ಮುಗೀತಾ? ಅಲ್ಲಿ ಹತ್ತಿ ತರೋಕೆ ಹೋದ್ರೆ ಇಲ್ಲಿ ಗತಿ ಏನು ರೀ? ತಲೆ ಬಾಕಿ ಇದೆ!" ಅಮ್ಮ ಮಾತ್ರ ಅಲುಗಾಡಲಿಲ್ಲ. ಸುಣ್ಣದ ಗೆರೆಯಂಚಿಗೆ ಹೋಗಿ ಆ ಕೈಯನ್ನು ಹಿಡಿದುಕೊಂಡಳು. ಕೈಯೂ ಅವಳ ಕೈಯನ್ನು ಹಿಡಿಯಿತು.

ಐದು ನಿಮಿಷವೋ, ಅರ್ಧ ಗಂಟೆಯೋ. ಗದ್ದ ಬಂತು. ಬಾಯಿ ಬಂತು. ಬಾಯಿ ತೆರೆದು ದೊಡ್ಡದಾಗಿ ಒಂದು ಉಸಿರೆಳೆಯಿತು. ನಾನು ಕಣ್ಣು ಮುಚ್ಚಿದೆ. ಈಗ ಹೇಳುತ್ತಾಳೆ, ಈಗ ನನ್ನ ಹೆಸರು ಬರುತ್ತದೆ ಎಂದು ಹಲ್ಲು ಕಚ್ಚಿ ನಿಂತೆ.

"ಅಮ್ಮಾ, ತಲೆಗೇನು ಬಳ್ಕೊಂಡಿದೀಯ? ಮೊನ್ನೆ ಭಾನುವಾರ ಬೆಳ್ಳಗಿತ್ತಲ್ಲ!"

ನಾನು ಕಣ್ಣು ಬಿಟ್ಟೆ. ಕಣ್ಣು, ಹಣೆ, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಎಲ್ಲ ಬಂದಿತ್ತು. ಆ ಹುಡುಗಿ ಅಮ್ಮನ ತಲೆ ನೋಡಿ ನಗುತ್ತಿದ್ದಳು. ಗುಮಾಸ್ತನ ಕೈಯಲ್ಲಿದ್ದ ಫೋನಿನಿಂದ ಯಾರೋ "ಹಲೋ, ಬಂತಾ? ಹಲೋ" ಎನ್ನುತ್ತಲೇ ಇದ್ದರು. ಯಜಮಾನರು ಜೇಬಿನಿಂದ ತೆಗೆದಿದ್ದ ಪಟ್ಟಿಯನ್ನು ಮೆಲ್ಲಗೆ ಮಡಚಿ ಒಳಗಿಟ್ಟರು.

"ನಿಂಗೆ ಕಾಣ್ತಿತ್ತೇನೇ?" ಎಂದಳು ಅಮ್ಮ. ಅವಳ ಸ್ವರ ಹೊರಬರಲೇ ಇಲ್ಲ, ತುಟಿ ನೋಡಿ ತಿಳಿದುಕೊಂಡೆ.

"ಕಾಣ್ದೆ ಏನು? ಎದುರಿಗೇ ನಿಂತಿರ್ತಿದ್ದೆ. ನೀನು ಮಾತಾಡಿದ್ದು ಕೇಳಿಸ್ತಿರ್ಲಿಲ್ಲ, ಬಾಯಿ ಆಡೋದು ಕಾಣ್ತಿತ್ತು. ನನಗೇನೂ ಬೇಜಾರಾಗ್ಲಿಲ್ಲಮ್ಮ. ಅಲ್ಲಿ ಒಂದೇ ಮಧ್ಯಾಹ್ನ ಇದ್ದಂಗಿತ್ತು. ನೀನು ಬಾಗಿಲಲ್ಲಿ ಹೋಗೋದು, ಬರೋದು. ಬಂದಾಗೆಲ್ಲ ಒಂಚೂರು ಮುದುಕಿ ಆಗಿರೋದು." ಅವಳು ತಿರುಗಿ ನಮ್ಮ ಯಜಮಾನರನ್ನು ನೋಡಿದಳು. "ಇವ್ರು ಗೊತ್ತು. ಒಂದ್ಸಲ ನಿನ್ನ ಜೊತೆ ಬಂದಿದ್ರು, ಒದ್ದೆ ಕೊಡೆ ಒಳಗೆ ತಂದು ಕಾವಲಿನವನ ಹತ್ರ ಬೈಸ್ಕೊಂಡ್ರು." ಯಜಮಾನರು ತಲೆ ಆಡಿಸಿದರು. ಮದುವೆಯಾದ ಹೊಸತರಲ್ಲಿ ಅವರು ಅತ್ತೆಯನ್ನು ಬಿಡಲು ಹೋಗಿದ್ದು ನಿಜ.

ಆಮೇಲೆ ನನ್ನ ಕಡೆ ನೋಡಿದಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಯಾರನ್ನೋ ನೋಡುವ ಹಾಗೆ ಮರ್ಯಾದೆಯಿಂದ ನೋಡಿ, "ಇವ್ರು ಯಾರಮ್ಮ?" ಎಂದಳು.

"ಭಾಗೀ ಕಣೆ. ನಿನ್ನ ತಂಗಿ."

ಹುಡುಗಿ ಮೊದಲು ನಕ್ಕಳು. ಆಮೇಲೆ ಅವಳ ನಗು ನಿಂತಿತು. "ಸುಳ್ಳು ಹೇಳ್ಬೇಡ. ಭಾಗೀ ಸತ್ತೋದ್ಲಲ್ಲ."

"ಬಿಡ್ತು ಅನ್ನು! ಯಾರು ಹೇಳಿದ್ದು ಹಾಗಂತ?"

"ಯಾರೂ ಹೇಳ್ಲಿಲ್ಲ. ನಾನೇ ತಿಳ್ಕೊಂಡೆ. ನಿನ್ನ ಜೊತೆ ಯಾರ್ಯಾರೋ ಹೆಂಗಸ್ರೆಲ್ಲ ಬಂದ್ರು, ಗೊತ್ತಿಲ್ಲದೋರೆಲ್ಲ ಬಂದ್ರು, ಅವಳೊಬ್ಳು ಬರ್ಲಿಲ್ಲ. ಬದುಕಿದ್ದಿದ್ರೆ ಭಾಗೀ ಬರ್ದೆ ಇರ್ತಿದ್ಲಾ? ನಾನು ಹೋದ್ಮೇಲೆ ಅವಳೂ ಹಿಂದೆ ಓಡಿ ಬಂದು ಬಾವಿಗೀವಿಗೆ ಬಿದ್ಲೇನೋ, ಅಮ್ಮ ನನ್ನ ಮುಂದೆ ತೋರಿಸ್ಕೊಳ್ದೆ ಇದಾಳೆ ಅಂತ..." ಅವಳು ಲಂಗದ ಅಂಚು ಹಿಡಿದು ಎಳೆದಳು. "ಅಲ್ಲಿ ಅಳೋಕೆ ಬರಲ್ಲಮ್ಮ. ಎಷ್ಟು ಪ್ರಯತ್ನ ಪಟ್ರೂ ಬರಲ್ಲ. ಈಚೆ ಬಂದ ತಕ್ಷಣ ಭಾಗೀಗೋಸ್ಕರ ಅಳ್ಬೇಕು ಅಂತ ಇಟ್ಕೊಂಡಿದ್ದೆ."

ನಾನು ಹುಲ್ಲಿನ ಮೇಲೆ ಕೂತೆ. ಕೂತರೆ ಅವಳ ಮುಖವೂ ನನ್ನ ಮುಖವೂ ಸಮಕ್ಕೆ ಬಂದವು. ನಲವತ್ತೊಂದು ವರ್ಷ ನುಂಗಿ ಇಟ್ಟುಕೊಂಡದ್ದು ತಾನಾಗಿ ಹೊರಗೆ ಬಂತು. "ಅಕ್ಕ, ಗಂಟೆ ಹೊಡೆದಿತ್ತು ಕಣೆ. ನಾನು ಸುಳ್ಳು ಹೇಳಿದೆ. ಚಪ್ಪಲಿ ಆಸೆಗೆ ಸುಳ್ಳು ಹೇಳಿ ನಿನ್ನ ಕಳಿಸಿದೆ." ಅಮ್ಮನ ಕಡೆ ನೋಡುವ ಧೈರ್ಯವಾಗಲಿಲ್ಲ. ಅವಳ ಕೈ ಅಕ್ಕನ ಹೆಗಲ ಮೇಲೆ ಬಂದದ್ದು ಮಾತ್ರ ಕಂಡಿತು.

ಹುಡುಗಿ ಹುಬ್ಬು ಗಂಟಿಕ್ಕಿ ನನ್ನ ಮುಖವನ್ನು ತುಂಡು ತುಂಡಾಗಿ ನೋಡಿದಳು. ಮೂಗು, ಗಲ್ಲ, ಎಡಹುಬ್ಬಿನ ಮೇಲಿನ ಹಳೆಯ ಗಾಯದ ಗೆರೆ. ಅವಳ ಬೆರಳು ಆ ಗೆರೆಯ ಮೇಲೆ ಬಂತು. ಅವಳ ಕೈ ಒದ್ದೆಯಾಗಿತ್ತು, ಬಿಸಿಲಿಗೆ ಬೆಚ್ಚಗೂ ಇತ್ತು.

"ಗಂಟೆ ನನಗೂ ಕೇಳಿಸಿತ್ತು" ಎಂದಳು. "ಸುಮ್ನೆ ನಿನ್ನ ಕೇಳ್ದೆ. ನೀನು ಅಷ್ಟು ಅಳ್ತಿದ್ದೆ, ಓಡಿ ಹೋಗಿ ಓಡಿ ಬರೋಣ ಅಂದ್ಕೊಂಡೆ. ಅದಲ್ಲ. ನೀನು ಯಾಕೆ ಬರ್ಲಿಲ್ಲ?"

ಹಿಂದುಗಡೆ ಯಜಮಾನರು ಕೆಮ್ಮಿದರು. ಒಂದೂ ನಲವತ್ತರ ಬಸ್ಸು ಅವರ ತಲೆಯಲ್ಲಿತ್ತು. ಗುಮಾಸ್ತ ಸಹಿ ಹಾಕಿಸಿಕೊಳ್ಳಲು ಪುಸ್ತಕ ಹಿಡಿದು ಬಂದವನು ಅಲ್ಲೇ ನಿಂತ. ತಲೆನೋವು, ಎಣ್ಣೆಬಣ್ಣದ ವಾಸನೆ, ಅಂಗಡಿ, ಗಿರಾಕಿ, ಹೇಳಲು ನನ್ನ ಹತ್ತಿರ ಎಷ್ಟು ಬೇಕಾದರೂ ಇದ್ದವು.

"ಹೆದರಿಕೆ ಆಗ್ತಿತ್ತು" ಎಂದೆ.

"ಯಾರನ್ನ ಕಂಡ್ರೆ?"

"ನಿನ್ನ ಕಂಡ್ರೆ ಕಣೆ."

"ನನ್ನನ್ನಾ?" ಎಂದಳು. ತನ್ನ ಎರಡು ಕೈಗಳನ್ನೂ ಎತ್ತಿ ನೋಡಿಕೊಂಡಳು, ಲಂಗ ನೋಡಿಕೊಂಡಳು, ಹಿಂದೆ ಇನ್ನು ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ಹುಲ್ಲಿನ ಕಡೆಗೂ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ನನ್ನ ಕಡೆ ತಿರುಗಿದಳು. ಬಾಯಿ ಓರೆಯಾಯಿತು, ಗದ್ದ ನಡುಗಿತು, ಭಾಗೀಗಾಗಿ ಇಟ್ಟುಕೊಂಡಿದ್ದ ಅಳು ನನ್ನೆದುರಿಗೇ ಶುರುವಾಯಿತು.